ಬೆಳಗಬಾರದ ಬೆಳ್ಳಿ

ಲಾಲ್‌ಬಾಗಿನ ಬೇಲಿಯನ್ನು ಬಳಸಿಕೊಂಡು ದಕ್ಷಿಣಕ್ಕೆ ನಡೆದವರಿಗೆ ಅಶೋಕ ಸ್ತಂಭ ಎದುರಾಗುತ್ತದೆ. ೧೯೪೮ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದುದರ ಕುರುಹು ಅದು. ಅಲ್ಲಿಂದ ಮುಂದಕ್ಕೆ ಬ್ಲಾಕಿನ ಹಿಂದೆ ಬ್ಲಾಕು, ಅಡ್ಡರಸ್ತೆಯ ಹಿಂದೆ ಅಡ್ಡರಸ್ತೆ. ರಾಗಿಗುಡ್ಡದ ಆಂಜನೇಯನನ್ನು ದಾಟಿದರೆ ಜಯಪ್ರಕಾಶ ನಾರಾಯಣರ ಹೆಸರು ಹೊತ್ತ ಜೆ. ಪಿ. ನಗರ, ಪಶ್ಚಿಮಕ್ಕೆ ತಿರುಗಿದರೆ ದೇವಿಯ ಹೆಸರಿನ ಬನಶಂಕರಿ, ಪೂರ್ವಕ್ಕೆ ಹೊರಳಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳವೆಂಬ ಮೂರು ಊರುಗಳು ತಮ್ಮ ಹೆಸರಿನ ಮೊದಲಕ್ಷರಗಳನ್ನಷ್ಟೇ ಉಳಿಸಿಕೊಂಡು ಕರಗಿಹೋದ ಬಿ. ಟಿ. ಎಂ. ಬಡಾವಣೆ. ದೋಸೆಗೂ ಕಾಫಿಗೂ ಹೆಸರಾದ ಈ ಸೀಮೆಗೂ ಓಟದ ಕಾರಿಗೂ ಎತ್ತಣ ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವುಂಟು, ಅದನ್ನು ಕಾಣಲು ನೆಲಮಾಳಿಗೆಗೆ ಇಳಿಯಬೇಕು.

ಹಿಂದೆ ಇಲ್ಲಿನ ಮನೆಗಳ ಪೋರ್ಟಿಕೋದಲ್ಲಿ ಅಂಬಾಸಿಡರೋ ಫಿಯಟ್ಟೋ ನಿಂತಿರುತ್ತಿತ್ತು. ಒಂದು ಬಕೀಟು ನೀರು, ಒಂದು ಹಳೆಯ ಬನಿಯನ್ನು; ಅಷ್ಟಕ್ಕೆ ಅದರ ಆರೈಕೆ ಮುಗಿಯುತ್ತಿತ್ತು. ಆ ಮನೆಗಳಲ್ಲಿ ಎಷ್ಟೋ ಇಂದು ಬಹುಮಹಡಿಯ ಕಟ್ಟಡಗಳಾಗಿವೆ. ಅವುಗಳ ನೆಲಮಾಳಿಗೆಯ ಮಬ್ಬಿನಲ್ಲಿ, ಸಾಲುಗಟ್ಟಿ ನಿಂತ ಸಂಸಾರವಂದಿಗರ ಕಾರುಗಳ ನಡುವೆ, ಅಪರೂಪಕ್ಕೊಮ್ಮೆ ಮೈತುಂಬ ಮುಸುಕು ಹೊದ್ದು ನೆಲಕ್ಕೆ ಅಂಟಿದಂತೆ ಮಲಗಿದ ಕಾರೊಂದು ಕಾಣಸಿಗುತ್ತದೆ. ವಾರದ ಆರು ದಿನ ಅದಕ್ಕೆ ನಿದ್ರೆ. ಭಾನುವಾರ ಬೆಳಕು ಹರಿಯುವ ಮುನ್ನ ಮುಸುಕು ಸರಿಯುತ್ತದೆ. ಸಾರಕ್ಕಿಯ ಮಾರುಕಟ್ಟೆಗೆ ಸೊಪ್ಪಿನ ಹೊರೆಗಳು ಬಂದಿಳಿಯುವ ಹೊತ್ತಿಗೆ ಅದು ಕನಕಪುರದ ರಸ್ತೆಯಲ್ಲಿ ಮೊರೆಯುತ್ತಿರುತ್ತದೆ. ಹತ್ತು ಗಂಟೆಗೆ ಹಿಂದಿರುಗುವಾಗ ಅದರ ಒಡಲಲ್ಲಿ ಹಿಡಿಯಷ್ಟು ಕೆಂಪು ಧೂಳು, ಒಡೆಯನ ಬೆವರು, ಬೂಟಿನ ಮಣ್ಣು. ಆಮೇಲೆ ಆರಂಭವಾಗುವುದು ತೊಳೆಯುವ ಉತ್ಸಾಹ. ಹಾನಿಯೂ ಬಹುಮಟ್ಟಿಗೆ ಅಲ್ಲಿಂದಲೇ ಆರಂಭ.

ಸಾಮಾನ್ಯ ಕಾರಿನ ಒಳಮೈಗೆ ಬಟ್ಟೆ, ಚರ್ಮ, ಪ್ಲಾಸ್ಟಿಕ್ಕುಗಳ ಹೊದಿಕೆಯಿರುತ್ತದೆ. ಓಟಕ್ಕೆಂದೇ ಹುಟ್ಟಿದ ಕಾರಿಗೆ ಆ ಭಾಗ್ಯವಿಲ್ಲ. ಹೊದಿಕೆಯೆಂದರೆ ಭಾರ, ಭಾರವೆಂದರೆ ವೇಗಕ್ಕೆ ಶತ್ರು. ಉಕ್ಕಿನ ತೂಕದ ಮೂರನೆಯ ಒಂದು ಪಾಲಷ್ಟೇ ತೂಗುವ ಅಲ್ಯುಮಿನಿಯಂ ತಗಡನ್ನು ಬಳಸಿ, ಅದರ ಮೇಲೆ ಬಣ್ಣವನ್ನೂ ಬಳಿಯದೆ ಹಾಗೆಯೇ ಬಿಟ್ಟ ಕಾರುಗಳುಂಟು. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ೧೯೫೭ರಲ್ಲಿ ಹೊರತಂದ ಲೋಟಸ್ ಸೆವೆನ್ ಇಂಥದು: ಉಕ್ಕಿನ ಕೊಳವೆಗಳ ಹಂದರ, ಅದಕ್ಕೆ ಹೊಡೆದ ಅಲ್ಯುಮಿನಿಯಂ ತಗಡು, ನಡುವೆ ಇಬ್ಬರು ಕೂರುವಷ್ಟು ಎಡೆ. ಅದೇ ಕಂಪೆನಿಯ ೧೯೯೬ರ ಎಲಿಸ್ ಕಾರಿನ ತಳಕಟ್ಟು ಪೂರ್ತಿ ಅಲ್ಯುಮಿನಿಯಂ. ತುಂಡುಗಳನ್ನು ಬೆಸೆದದ್ದಲ್ಲ, ಅಂಟು ಹಾಕಿ ಕೂಡಿಸಿದ್ದು. ತೂಕ ಸುಮಾರು ೬೮ ಕಿಲೋಗ್ರಾಂ, ಒಬ್ಬ ಸಾಧಾರಣ ಮನುಷ್ಯನಷ್ಟು. ಬಾಗಿಲು ತೆರೆದರೆ ಆ ಲೋಹವೇ ಹೊಸ್ತಿಲಾಗಿ ಕಣ್ಣಿಗೆ ಬೀಳುತ್ತದೆ. ೧೯೬೧ರ ಜಾಗ್ವಾರ್ ಇ-ಟೈಪಿನ ಮುಂಫಲಕದ ನಡುಭಾಗಕ್ಕೂ ಸಣ್ಣ ಚುಕ್ಕೆಗಳನ್ನು ಅಚ್ಚೊತ್ತಿದ ಅಲ್ಯುಮಿನಿಯಂ ತಗಡನ್ನೇ ಹೊದಿಸಿದ್ದರು. ಇವು ಬೆಂಗಳೂರಿನ ಬೀದಿಯಲ್ಲಿ ದಿನನಿತ್ಯದ ನೋಟವಲ್ಲ, ನಿಜ. ಆದರೆ ತುಳಿಗೆಗಳು, ಗೇರಿನ ಗುಂಡು, ಹೊಸ್ತಿಲ ಪಟ್ಟಿ ಇವನ್ನಾದರೂ ಬರಿಯ ಲೋಹದಲ್ಲಿ ಮಾಡಿಟ್ಟ ಕಾರುಗಳು ಅನೇಕ. ಮೈಸೂರು ರಸ್ತೆಯ ಆರ್. ವಿ. ಎಂಜಿನಿಯರಿಂಗ್ ಕಾಲೇಜಿನ ‘ಅಶ್ವ’ ತಂಡದಂತೆ ವಿದ್ಯಾರ್ಥಿಗಳು ಸ್ವತಃ ಕಟ್ಟುವ ಓಟದ ಕಾರುಗಳಿವೆಯಲ್ಲ, ಅಂಥ ಸ್ಪರ್ಧೆಗಳಲ್ಲಿ ವಿದ್ಯುತ್ತಿನಿಂದ ಓಡುವ ಕಾರಿಗೆ ಚಾಲಕನ ಬೆನ್ನ ಹಿಂದೆ ಅರ್ಧ ಮಿಲಿಮೀಟರಿಗೆ ಕಡಿಮೆಯಿಲ್ಲದ ಅಲ್ಯುಮಿನಿಯಂ ಪದರವೊಂದು ಇರಲೇಬೇಕೆಂಬ ನಿಯಮವೇ ಉಂಟು.

ಕನ್ನಡಿಗರಿಗೆ ಈ ಲೋಹ ಹೊಸತೇನಲ್ಲ. ಆಲ್‌ಫ್ರೆಡ್ ಚಾಟರ್‌ಟನ್ ಎಂಬ ಇಂಗ್ಲಿಷ್ ಅಧಿಕಾರಿ ೧೮೯೮ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಅಲ್ಯುಮಿನಿಯಂ ಪಾತ್ರೆಗಳನ್ನು ಮಾಡಿಸತೊಡಗಿದ. ವಿಶ್ವೇಶ್ವರಯ್ಯನವರು ದಿವಾನರಾದ ೧೯೧೨ರಲ್ಲಿಯೇ ಅವನು ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿ ಬಂದ. ೧೯೪೦ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಬೆಂಗಳೂರಿನಲ್ಲಿ ನೆಲೆಯೂರಿದ ಮೇಲಂತೂ ಈ ಲೋಹದ ತಗಡನ್ನು ಕತ್ತರಿಸಿ, ಬಾಗಿಸಿ, ರಿವೆಟ್ ಹೊಡೆಯುವ ಕೈಗಳು ಊರಿನಲ್ಲೇ ತಯಾರಾದವು, ೧೯೫೧ರಲ್ಲಿ ಎಚ್. ಟಿ. ೨, ೧೯೬೧ರಲ್ಲಿ ಮರುತ್ ಆಕಾಶಕ್ಕೇರಿದವು. ವಿಮಾನದ ಕೆಲಸಗಾರರಿಗೆ ಕಲಿಸುವ ಪಾಠಗಳಲ್ಲಿ ಒಂದು ಸ್ವಾರಸ್ಯವಾಗಿದೆ: ಅಲ್ಯುಮಿನಿಯಂ ತಗಡಿನ ಮೇಲೆ ಸೀಸದ ಕಡ್ಡಿಯಿಂದ ಗೆರೆ ಎಳೆಯಬಾರದು. ಪೆನ್ಸಿಲಿನ ಕಪ್ಪು ಗ್ರಾಫೈಟ್. ತೇವ ಸೇರಿದರೆ ಆ ಗೆರೆಯ ಗುಂಟವೇ ಲೋಹ ಸವೆಯುತ್ತದೆ. ಒಂದು ಗೆರೆಗೆ ನೋಯುವ ಲೋಹಕ್ಕೆ ಉಕ್ಕಿನ ಜುಂಗಿನಿಂದ ತಿಕ್ಕಿದರೆ ಏನಾದೀತು ಎಂಬುದನ್ನು ಊಹಿಸಬಹುದು.

ಆದರೆ ಮನೆಯ ಪಾಠ ಬೇರೆ. ನಮ್ಮ ಅಡಿಗೆಮನೆಗಳಲ್ಲಿ ಇದಕ್ಕೆ ಅಲ್ಯುಮಿನಿಯಂ ಎಂಬ ಹೆಸರೇ ಇಲ್ಲ, ‘ಸಿಲ್ವರ್ ಪಾತ್ರೆ’ ಎಂದೇ ರೂಢಿ. ಹೆಸರು ಬೆಳ್ಳಿಯದಾದ ಮೇಲೆ ಉಪಚಾರವೂ ಬೆಳ್ಳಿಗೆ ತಕ್ಕುದಾಗಿಯೇ ನಡೆಯಬೇಡವೆ? ಕನ್ನಡದಲ್ಲಿ ಪಾತ್ರೆಯನ್ನು ತೊಳೆಯುವುದಿಲ್ಲ, ‘ಬೆಳಗು’ತ್ತಾರೆ. ಹಿತ್ತಾಳೆಯ ಹಂಡೆ, ತಾಮ್ರದ ಚೊಂಬು, ದೇವರ ದೀಪ, ಇವೆಲ್ಲ ಹುಣಿಸೆಹಣ್ಣು ಮತ್ತು ಬೂದಿಯ ತಿಕ್ಕಿಗೆ ಸಿಕ್ಕಿ ಚಿನ್ನದಂತೆ ಹೊಳೆದಾಗಲೇ ಶುಭ್ರವಾದವೆಂದು ಅರ್ಥ. ಕಿಲುಬು ಕೊಳೆ, ಹೊಳಪು ಶುದ್ಧಿ. ತಲೆಮಾರುಗಳಿಂದ ಬಂದ ಈ ನಂಬಿಕೆ ಹಿತ್ತಾಳೆಯ ಮಟ್ಟಿಗೆ ತಪ್ಪಲ್ಲ. ಅದನ್ನೇ ಹಿಡಿದುಕೊಂಡು ಓಟದ ಕಾರಿನ ಒಳಕ್ಕೆ ಇಳಿದರೆ ಮಾತ್ರ ಅನರ್ಥವಾಗುತ್ತದೆ.

ಏಕೆಂದರೆ ಅಲ್ಯುಮಿನಿಯಮ್ಮಿನ ಮಂಕು ಕೊಳೆಯಲ್ಲ, ಕವಚ. ಹೊಸದಾಗಿ ಕತ್ತರಿಸಿದ ಈ ಲೋಹಕ್ಕೆ ಗಾಳಿ ತಗುಲಿದ ಕ್ಷಣದಲ್ಲೇ ಅದರ ಮೇಲೆ ಆಕ್ಸೈಡಿನ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ದಪ್ಪವೆಷ್ಟೆಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಮೂರು ನಾಲ್ಕು ಭಾಗ. ಮಾಣಿಕ್ಯವೂ ನೀಲಮಣಿಯೂ ಯಾವ ಧಾತುಗಳ ಕೂಟವೋ ಅದೇ ಧಾತುಗಳ ಕೂಟ ಈ ಪೊರೆ. ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹಕ್ಕೆ ಗಾಳಿ ನೀರು ತಗಲದಂತೆ ಕಾಯುತ್ತದೆ. ಕಬ್ಬಿಣದ ತುಕ್ಕು ಹುಡಿಯಾಗಿ ಉದುರಿ ಒಳಗಿನ ಕಬ್ಬಿಣವನ್ನು ಮತ್ತೆ ಬಯಲಿಗೆ ತರುತ್ತದೆ. ಅಲ್ಯುಮಿನಿಯಂ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇಷ್ಟು ತೆಳುವಾದ, ಇಷ್ಟು ನಿಷ್ಠೆಯ ಕಾವಲು ಬೇರೆ ಸಾಮಾನ್ಯ ಲೋಹಗಳಿಗೆ ದುರ್ಲಭ.

ಬನಶಂಕರಿಯ ಎರಡನೆಯ ಹಂತದಲ್ಲೋ ಕನಕಪುರ ರಸ್ತೆಯ ಬದಿಯಲ್ಲೋ ಇರುವ ಗ್ಯಾರೇಜುಗಳಲ್ಲಿ ಕೆಲವು ಹೊತ್ತು ನಿಂತವರಿಗೆ ಇಂಥದೊಂದು ಸಂಭಾಷಣೆ ಕೇಳಿಬರುವುದುಂಟು. ತರುಣ ಒಡೆಯ ಪಾಲಿಶ್ ಹಚ್ಚಿ ಕಾರಿನ ಒಳತಗಡನ್ನು ತಿಕ್ಕುತ್ತಿದ್ದಾನೆ. ಬಿಳಿಯ ಬಟ್ಟೆ ಮಸಿಯಂತಾಗಿದೆ. ಬಟ್ಟೆ ಬದಲಾಯಿಸಿ ಮತ್ತೆ ತಿಕ್ಕುತ್ತಾನೆ, ಮತ್ತೆ ಮಸಿ.

“ಸಾರ್, ಸಾಕು ನಿಲ್ಲಿಸಿ.”

“ಇನ್ನೂ ಕಪ್ಪು ಬರ್ತಾನೇ ಇದೆಯಲ್ಲ ಮೇಸ್ತ್ರಿಗಳೇ. ಬಟ್ಟೆ ಬೆಳ್ಳಗೆ ಬರೋವರೆಗೂ ಉಜ್ಜಬೇಡವೇ?”

“ಸಾಯಂಕಾಲದವರೆಗೆ ಉಜ್ಜಿದರೂ ಬರುತ್ತೆ ಸಾರ್. ಅದು ಕೊಳೆ ಅಲ್ಲ, ನಿಮ್ಮ ಕಾರೇ.”

ಇದಕ್ಕಿಂತ ನಿಖರವಾಗಿ ಈ ವಿಷಯವನ್ನು ಹೇಳುವುದು ಕಷ್ಟ. ಪಾಲಿಶಿನ ಸಣ್ಣ ಕಣಗಳು ಪೊರೆಯನ್ನು ಕೆರೆದು ಕೆಳಗಿನ ಲೋಹವನ್ನೂ ಕೆರೆಯುತ್ತವೆ. ಹಾಗೆ ಕೆರೆದುಬಂದ ಲೋಹ ಅತಿ ನುಣುಪಾದ ಹುಡಿಯಾದ್ದರಿಂದ ಬೆಳ್ಳಗೆ ಕಾಣದೆ ಕಪ್ಪಾಗಿ ಕಾಣುತ್ತದೆ. ಪೊರೆ ಕ್ಷಣದಲ್ಲಿ ಮತ್ತೆ ಕಟ್ಟುತ್ತದೆ, ಕೈ ಮತ್ತೆ ಕೆರೆಯುತ್ತದೆ. ಬಟ್ಟೆ ಬೆಳ್ಳಗಾಗಲೆಂದು ಕಾಯುವವನು ತಗಡು ತೀರುವವರೆಗೆ ಕಾಯಬೇಕಾದೀತು. ಒಂದು ಮಿಲಿಮೀಟರಿನ ಆಸುಪಾಸಿನ ತಗಡಿಗೆ ಒಂದೆರಡು ಸಲದ ಉಜ್ಜಾಟ ಏನೂ ಮಾಡದೆಂಬುದು ದಿಟ. ಆದರೆ ಪ್ರತಿ ಭಾನುವಾರವೂ ಇದೇ ನೇಮವಾದರೆ ಅಂಚುಗಳು ಮೊಂಡಾಗುತ್ತವೆ, ಕಾರ್ಖಾನೆಯಲ್ಲಿ ಎಳೆದ ಗೆರೆಗಳು ಅಳಿಯುತ್ತವೆ, ಜಾಗ್ವಾರಿನ ಆ ಚುಕ್ಕೆಗಳು ಮಸುಕಾಗುತ್ತವೆ. ಅರುವತ್ತು ವರ್ಷ ಬಾಳಿದ ಕಾರಿನ ಮೂಲ ಮೈಯನ್ನು ಒಂದು ಮಧ್ಯಾಹ್ನದಲ್ಲಿ ಕಳೆಯಬಹುದು. ಮರಳಿ ತರಲು ಯಾವ ಮೇಸ್ತ್ರಿಗೂ ಸಾಧ್ಯವಿಲ್ಲ.

ಆ ಮಸಿಬಟ್ಟೆಗೆ ಒಂದು ಉಪಯೋಗವಂತೂ ಇದೆ. ಕಣ್ಣಿಗೆ ಬರಿಯ ಲೋಹದಂತೆ ಕಂಡರೂ ಕೆಲವು ಭಾಗಗಳು ಬರಿಯವಲ್ಲ. ಕೆಲವಕ್ಕೆ ಪಾರದರ್ಶಕ ಅರಗು ಬಳಿದಿರುತ್ತಾರೆ. ಕೆಲವನ್ನು ಆಮ್ಲದ ತೊಟ್ಟಿಯಲ್ಲಿಳಿಸಿ ವಿದ್ಯುತ್ ಹಾಯಿಸಿ ಸಹಜ ಪೊರೆಯನ್ನೇ ಸಾವಿರಾರು ಪಾಲು ದಪ್ಪಗೊಳಿಸಿರುತ್ತಾರೆ. ಇದಕ್ಕೆ ಆನೊಡೈಸಿಂಗ್ ಎನ್ನುತ್ತಾರೆ. ಅಡಿಗೆಮನೆಯ ಕಪ್ಪು ಬಾಣಲೆಗಳಿಗೆ ಮಾಡುವುದೂ ಇದನ್ನೇ. ಕಣ್ಣಿಗೆ ಬೀಳದ ಮೂಲೆಯಲ್ಲಿ ಚೂರು ಪಾಲಿಶ್ ಮುಟ್ಟಿಸಿ ನೋಡಿ: ಬಟ್ಟೆ ಕಪ್ಪಾದರೆ ಬರಿಯ ಲೋಹ; ಆಗದಿದ್ದರೆ ಅದಕ್ಕೆ ಹೊದಿಕೆಯಿದೆ, ಪಾಲಿಶಿನ ಡಬ್ಬಿಯನ್ನು ಮುಚ್ಚಿಡಬಹುದು. ವಿದ್ಯುತ್ ಕೆಲಸದವನ ಮಲ್ಟಿಮೀಟರು ಇದ್ದರೆ ಇನ್ನೂ ಸುಲಭ. ಬರಿಯ ಲೋಹದ ಮೇಲೆ ಎರಡು ಮುಳ್ಳುಗಳನ್ನಿಟ್ಟರೆ ವಿದ್ಯುತ್ ಹರಿಯುತ್ತದೆ. ಆನೊಡೈಸ್ ಮಾಡಿದ ಮೈ ಅದನ್ನು ತಡೆಯುತ್ತದೆ.

ಇನ್ನು ಅಡಿಗೆಮನೆಯ ಸಾಮಗ್ರಿಗಳು. ಈ ಪೊರೆಗೆ ಹಿತವಾದ ಎಲ್ಲೆ ಕಿರಿದು. ತೀರ ಹುಳಿಯೂ ಆಗದು, ಕ್ಷಾರವಂತೂ ಸಲ್ಲದು. ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ, ಬಚ್ಚಲು ತೊಳೆಯುವ ಆಸಿಡ್ಡು ಇವು ಪೊರೆಯನ್ನು ಕರಗಿಸಿ ಲೋಹವನ್ನು ತಿನ್ನುತ್ತವೆ. ಹಿತ್ತಾಳೆಗೆಂದು ಮಾಡಿದ ಪಾಲಿಶುಗಳಲ್ಲಿ ಹಲವಕ್ಕೆ ಅಮೋನಿಯಾ ಬೆರೆಸಿರುತ್ತಾರೆ. ಅವು ದೇವರ ಮನೆಯಲ್ಲೇ ಇರಲಿ. ಕುಕ್ಕರಿನ ಒಳಭಾಗ ಕಪ್ಪಾಗದಂತೆ ಗೃಹಿಣಿಯರು ನೀರಿಗೆ ನಿಂಬೆಯ ಹೋಳನ್ನೋ ಹುಣಿಸೆಯ ಚೂರನ್ನೋ ಹಾಕುತ್ತಾರಲ್ಲ, ಅದು ಬಲ್ಲವರ ಉಪಾಯವೇ ಸರಿ. ಬೋರ್‌ವೆಲ್ ನೀರಿನ ಕ್ಷಾರವನ್ನು ಆ ಹುಳಿ ತಗ್ಗಿಸುತ್ತದೆ. ಆದರೆ ಕುಕ್ಕರನ್ನು ಕೊನೆಗೆ ನಲ್ಲಿಯ ಕೆಳಗೆ ಹಿಡಿದು ತೊಳೆಯಬಹುದು. ಕಾರಿನ ತಗಡಿಗೂ ಕೊಳವೆಗೂ ನಡುವಿನ ಸಂದಿಗೆ, ರಿವೆಟ್ಟಿನ ತಲೆಯ ಅಡಿಗೆ ಇಳಿದ ಹುಳಿಯನ್ನು ಯಾವ ನಲ್ಲಿಯೂ ತಲುಪಲಾರದು. ಅಲ್ಲಿ ಅಲ್ಯುಮಿನಿಯಮ್ಮಿಗೆ ಉಕ್ಕು ತಾಗಿಕೊಂಡಿರುತ್ತದೆ. ನಡುವೆ ತೇವ ನಿಂತರೆ ಒಂದು ಪುಟ್ಟ ಬ್ಯಾಟರಿಯೇ ಆದಂತೆ. ಅದರಲ್ಲಿ ಸವೆಯುವುದು ಅಲ್ಯುಮಿನಿಯಮ್ಮೇ. ಉಕ್ಕಿನ ಜುಂಗಿನ ದೋಷವೂ ಇದೇ. ಅದರ ಎಳೆಗಳು ಮುರಿದು ಮೆತ್ತನೆಯ ಲೋಹದಲ್ಲಿ ಹೂತುಕೊಂಡು ತಾವೂ ತುಕ್ಕು ಹಿಡಿದು ಸುತ್ತಲೂ ಕುಳಿ ಬೀಳಿಸುತ್ತವೆ.

ನೀರಿನ ಮಾತು ಬಂದಾಗ ದಕ್ಷಿಣ ಬೆಂಗಳೂರಿನ ಮಾತೂ ಬರಲೇಬೇಕು. ಭಾನುವಾರದ ಕಾರುಗಳು ಓಡುವ ಕನಕಪುರ ರಸ್ತೆಯ ದಿಕ್ಕಿನಿಂದಲೇ ಕಾವೇರಿ ಈ ಊರಿಗೆ ಬರುವುದು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಹಾರೋಹಳ್ಳಿ ತಾತಗುಣಿಗಳಲ್ಲಿ ಪಂಪುಗಳ ಬೆನ್ನೇರಿ, ಸುಮಾರು ಐನೂರು ಮೀಟರು ಎತ್ತರಕ್ಕೆ ಹತ್ತಿ ಬರುವ ನೀರು ಅದು. ೧೯೭೪ರಲ್ಲಿ ಮೊದಲ ಹಂತ, ೨೦೨೪ರ ಅಕ್ಟೋಬರಿನಲ್ಲಿ ಐದನೆಯದು. ಅಷ್ಟು ಶ್ರಮಪಟ್ಟು ಬಂದ ನೀರನ್ನು ಕಾರಿನ ಮೇಲೆ ಸುರಿಯುವುದು ನ್ಯಾಯವೆ? ೨೦೨೪ರ ಮಾರ್ಚಿನಲ್ಲಿ, ಬರಗಾಲದ ಬಿಸಿಯಲ್ಲಿ, ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ ೫,೦೦೦ ರೂಪಾಯಿ ದಂಡ ವಿಧಿಸುವುದಾಗಿ ಸಾರಿತು. ಉಳಿದದ್ದು ಬೋರ್‌ವೆಲ್ಲಿನ ಮತ್ತು ಟ್ಯಾಂಕರಿನ ಗಡಸು ನೀರು. ಅದು ಆರಿದಲ್ಲಿ ಸುಣ್ಣದ ಬಿಳಿಯ ಚುಕ್ಕೆ ಉಳಿಯುತ್ತದೆ. ಚುಕ್ಕೆ ತೆಗೆಯಲು ಮತ್ತೆ ಹುಳಿ, ಮತ್ತೆ ಉಜ್ಜಾಟ.

ಅದೃಷ್ಟಕ್ಕೆ ಕಾರಿನ ಒಳಮೈಗೆ ಬೇಕಾದ ನೀರು ಒಂದು ಲೋಟಕ್ಕಿಂತ ಹೆಚ್ಚಲ್ಲ. ಬ್ಯಾಟರಿಗೆ ಹಾಕುವ ಶುದ್ಧ ನೀರು ಎಲ್ಲ ಗ್ಯಾರೇಜುಗಳಲ್ಲೂ ಸಿಗುತ್ತದೆ, ಅದೇ ಉತ್ತಮ. ಮೊದಲು ಮೆತ್ತನೆಯ ಕುಂಚದಿಂದಲೂ ಧೂಳೆಳೆಯುವ ಯಂತ್ರದಿಂದಲೂ ಧೂಳನ್ನು ಪೂರ್ತಿಯಾಗಿ ತೆಗೆಯಬೇಕು. ಬೆಂಗಳೂರಿನ ಧೂಳಿನಲ್ಲಿ ಮರಳಿನ ಕಣಗಳಿವೆ. ಅವು ಅಲ್ಯುಮಿನಿಯಮ್ಮಿಗಿಂತ ಗಟ್ಟಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಬಟ್ಟೆಯೇ ಉಪ್ಪುಕಾಗದವಾಗುತ್ತದೆ. ಆಮೇಲೆ ಕ್ಷಾರವಿಲ್ಲದ ಸೌಮ್ಯ ಸಾಬೂನನ್ನು ಕೆಲವೇ ಹನಿ ಬೆರೆಸಿದ ಆ ನೀರಿನಲ್ಲಿ ನುಣುಪು ಬಟ್ಟೆಯನ್ನು ಅದ್ದಿ, ಚೆನ್ನಾಗಿ ಹಿಂಡಿ, ಒರೆಸಬೇಕು. ಬೆವರಿನ ಉಪ್ಪು ಹೋಗಲು ಇದು ಸಾಕು. ಕೈ ತಾಗುವಲ್ಲೆಲ್ಲ ಕುಳಿ ಬೀಳಿಸುವ ನಿಜವಾದ ಶತ್ರು ಆ ಉಪ್ಪೇ. ಮಂಗಳೂರಿನ ಕಾರುಗಳಿಗೆ ಕಡಲಗಾಳಿ ಮಾಡುವ ಕೇಡನ್ನು ಇಲ್ಲಿ ಒಡೆಯನ ಅಂಗೈಯೇ ಮಾಡುತ್ತದೆ. ಜಿಡ್ಡಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲು ಬಟ್ಟೆಗೆ ಹಚ್ಚಿ ಒರೆಸುವುದು. ಯಾವುದನ್ನೂ ತಗಡಿನ ಮೇಲೆ ನೇರವಾಗಿ ಎರಚಬಾರದು; ತಂತಿಗಳ ಜೋಡಣೆಗಳು ಅಲ್ಲೇ ಇರುತ್ತವೆ. ಕೊನೆಗೆ ಒಣಬಟ್ಟೆ. ಹೆಚ್ಚಿನ ಕಾರುಗಳಿಗೆ ಇಲ್ಲಿಗೆ ಮುಗಿಯಿತು.

ಹೊಳಪೇ ಬೇಕೆಂದು ಹಟ ಹಿಡಿದವರು ವರ್ಷಕ್ಕೊಮ್ಮೆ, ಬರಿಯ ಲೋಹವೆಂದು ಖಚಿತವಾದ ಕಡೆ ಮಾತ್ರ, ಗೆರೆಗಳಿದ್ದರೆ ಗೆರೆಯ ದಿಕ್ಕಿನಲ್ಲೇ, ಅಂಗೈಯಗಲದ ಜಾಗದಲ್ಲಿ ತಿಕ್ಕಿ, ಆಲ್ಕೊಹಾಲಿನಿಂದ ಪಾಲಿಶಿನ ಜಿಡ್ಡನ್ನು ತೆಗೆದು, ಅಂದೇ ಮೇಣ ಹಚ್ಚಬೇಕು. ಮೇಣ ತೆಳ್ಳಗಿದ್ದಷ್ಟೂ ಒಳ್ಳೆಯದು. ಅದು ಬೆವರಿಗೂ ತೇವಕ್ಕೂ ಅಡ್ಡ ನಿಲ್ಲುತ್ತದೆ, ಸವೆದ ಮೇಲೆ ಮತ್ತೆ ಹಚ್ಚಬಹುದು. ಅರಗು ಹೆಚ್ಚು ಬಾಳುತ್ತದೆ, ಆದರೆ ಒಂದು ಕಡೆ ಸೀಳಿದರೆ ತೇವ ಅದರಡಿ ಹೊಕ್ಕು ಬಲೆಯಂಥ ಕಲೆಯನ್ನು ಬಿಡಿಸುತ್ತದೆ. ಆಗ ಎಲ್ಲವನ್ನೂ ಕಿತ್ತು ಹೊಸದಾಗಿ ಬಳಿಯಬೇಕು. ಬೂಟು ತಾಗುವ ಹೊಸ್ತಿಲಿಗೆ ಪಾರದರ್ಶಕ ಹಾಳೆ ಅಂಟಿಸುವುದು ಎಲ್ಲಕ್ಕಿಂತ ವಿವೇಕದ ಕೆಲಸ. ತುಳಿಗೆಗಳಿಗೂ ಚಕ್ರದ ಹಿಡಿಗೂ ಮೇಣವಾಗಲಿ ಎಣ್ಣೆಯಾಗಲಿ ಸೋಕಲೇಕೂಡದು. ಬ್ರೇಕಿನ ಮೇಲಿಂದ ಕಾಲು ಜಾರಿದರೆ ಲೋಹದ ಚಿಂತೆ ಮಾಡಲು ಪುರಸೊತ್ತಿರುವುದಿಲ್ಲ. ಮುಂಗಾಜಿನ ಕೆಳಗಿನ ಫಲಕವನ್ನು ಕನ್ನಡಿ ಮಾಡುವುದೂ ಹಾಗೆಯೇ ಅವಿವೇಕ. ಕನಕಪುರ ರಸ್ತೆಯ ಬೆಳಗಿನ ಬಿಸಿಲು ಅದರಿಂದ ಪುಟಿದು ಗಾಜಿನಲ್ಲಿ ಮೂಡಿ ಎದುರಿನ ಎತ್ತಿನಗಾಡಿಯನ್ನೇ ಮರೆಮಾಡೀತು. ಅಲ್ಲಿ ಮಂಕು ಇರುವುದೇ ಒಳ್ಳೆಯದು.

ಈಗ ಇಲ್ಲಿನ ಮುಖ್ಯರಸ್ತೆಗಳಲ್ಲಿ ಕಾರುಗಳ ಶೃಂಗಾರದ ಅಂಗಡಿಗಳಿಗೆ ಕೊರತೆಯಿಲ್ಲ. ಗಾಜಿನ ಬಾಗಿಲು, ಬಿಳಿಯ ದೀಪ, ‘ಕನ್ನಡಿಯಂಥ ಹೊಳಪು’ ಎಂಬ ಫಲಕ. ಯಂತ್ರ ಹಿಡಿದ ಹುಡುಗರು ಚುರುಕಿನವರು, ಕೆಲಸದಲ್ಲಿ ಶ್ರದ್ಧೆಯುಳ್ಳವರು. ಅವರನ್ನು ದೂರಿ ಫಲವಿಲ್ಲ. ಗಿರಾಕಿ ಕೇಳುವುದೂ ಕನ್ನಡಿಯನ್ನೇ, ಹಣ ಕೊಡುವುದೂ ಕನ್ನಡಿಗೇ. “ಇದಕ್ಕೆ ಏನೂ ಮಾಡಬೇಕಾಗಿಲ್ಲ ಸಾರ್, ಒರೆಸಿಟ್ಟರೆ ಸಾಕು” ಎನ್ನುವ ಹಳೆಯ ಮೇಸ್ತ್ರಿಗೆ ಆ ದೀಪಗಳ ಎದುರು ವ್ಯಾಪಾರ ಕಡಿಮೆ. ಹೊಳೆಯುವ ಬಣ್ಣಕ್ಕೆ ಯಂತ್ರ ಸರಿ, ಆದರೆ ಬರಿಯ ಅಲ್ಯುಮಿನಿಯಮ್ಮಿನ ಬಳಿ ಅದನ್ನು ಬಿಡುವ ಮುನ್ನ ಒಡೆಯನಾದವನು ಎರಡು ಸಲ ಯೋಚಿಸಬೇಕು.

ಮಳೆಗಾಲ ಮಾತ್ರ ಉದಾಸೀನಕ್ಕೆ ಎಡೆಕೊಡುವುದಿಲ್ಲ. ಜೂನಿನಿಂದ ಅಕ್ಟೋಬರಿನವರೆಗೆ ನೆಲಮಾಳಿಗೆಗಳು ಶೀತಲ ಹಿಡಿಯುತ್ತವೆ. ಒದ್ದೆ ಕಾರಿಗೆ ಹೊದಿಸಿದ ಮುಸುಕು ತೇವವನ್ನು ಒಳಗೇ ಸೆರೆಹಿಡಿಯುತ್ತದೆ. ಕಾಲಡಿಯ ಚಾಪೆಯ ಕೆಳಗೆ ವಾರಗಟ್ಟಲೆ ನಿಂತ ಒದ್ದೆ ಒಂದು ವರ್ಷದ ಓಟಕ್ಕಿಂತ ಹೆಚ್ಚು ಕೆಡುಕು ಮಾಡಬಲ್ಲದು. ಹದಿನೈದು ದಿನಕ್ಕೊಮ್ಮೆ ಚಾಪೆ ಎತ್ತಿ ನೋಡಬೇಕು. ರಿವೆಟ್ಟುಗಳ ಸುತ್ತ ರಂಗೋಲಿಯಂತೆ ಬಿಳಿಯ ಹುಡಿ ಕಂಡರೆ ಮೇಸ್ತ್ರಿಯನ್ನು ಕರೆಯುವ ಹೊತ್ತು ಬಂತು. ಕಾಣದಿದ್ದರೆ ನೆಲವನ್ನೂ ಚಾಪೆಯನ್ನೂ ಗಾಳಿಗೆ ಒಣಗಲು ಬಿಟ್ಟು, ಸಂಜೆ ಮುಸುಕು ಹೊದಿಸಿದರಾಯಿತು.